ರಪಾಲೊ ಒಪ್ಪಂದ ಮತ್ತು ಒಬ್ಬ ರಾಯಭಾರಿಯ ರಾಜೀನಾಮೆ

ಏಡ್ರಿಯಾಟಿಕ್ ಸಮುದ್ರದ ಈಶಾನ್ಯ ಮೂಲೆಯಲ್ಲಿ ಫ್ಯೂಮೆ ಎಂಬ ಬಂದರು ಪಟ್ಟಣವಿತ್ತು. ಇಂದು ಅದು ಕ್ರೊಯೇಷಿಯಾದ ರಿಯೆಕಾ. ಮೊದಲ ಮಹಾಯುದ್ಧ ಮುಗಿಯುವವರೆಗೂ ಅದು ಹಂಗೇರಿಯ ಮುಖ್ಯ ಬಂದರು. ಊರೊಳಗೆ ಇಟಾಲಿಯನ್ ಮಾತಾಡುವವರೇ ಹೆಚ್ಚು. ಹೊಳೆ ದಾಟಿದರೆ ಸುಶಾಕ್, ಅಲ್ಲಿಂದಾಚೆಗೆ ಕ್ರೊಯೇಷಿಯನ್ನರ ನಾಡು. ಐವತ್ತು ಸಾವಿರದಷ್ಟು ಜನರಿದ್ದ ಈ ಊರಿಗಾಗಿ 1919ರ ಏಪ್ರಿಲ್‌ನಲ್ಲಿ ಇಟಲಿಯ ಪ್ರಧಾನಿ ಒರ್ಲಾಂಡೊ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಿಂದಲೇ ಎದ್ದು ಹೋದ. ಅದೇ ಸೆಪ್ಟೆಂಬರ್ 12ರಂದು ಗಬ್ರಿಯೆಲೆ ದಾನುಂಜಿಯೊ ಎಂಬ ಕವಿ, ಸೇನೆಯ ಅಪ್ಪಣೆ ಮೀರಿ ಬಂದ ಸೈನಿಕರನ್ನು ಕಟ್ಟಿಕೊಂಡು ಹೋಗಿ ಊರನ್ನೇ ವಶಪಡಿಸಿಕೊಂಡ. ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ಇಟಲಿಯವರೇ ಇಟಲಿಯವರ ಮೇಲೆ ಗುಂಡು ಹಾರಿಸಿದರು.

ಈ ಕಗ್ಗಂಟನ್ನು ಮಾತುಕತೆಯಿಂದ ಬಿಡಿಸಲು ಕೂತವನು ಕಾರ್ಲೊ ಸ್ಫೋರ್ತ್ಸಾ. ಬಿಡಿಸಿದ್ದಕ್ಕೆ ದೊರೆಯಿಂದ ರಾಜ್ಯದ ಅತ್ಯುನ್ನತ ಗೌರವ ಸಿಕ್ಕಿತು, ಬೀದಿಯಿಂದ ದ್ರೋಹಿ ಎಂಬ ಬಿರುದು ಸಿಕ್ಕಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆತನ ರಾಯಭಾರ ವೃತ್ತಿಯೇ ಮುಗಿಯಿತು, ಮುಗಿಸಿದವನು ಆತನೇ. ಆ ಕಾಲದ ಇಟಲಿ ಹುರಿಯಾಳುಗಳನ್ನೂ ಘೋಷಣೆಕಾರರನ್ನೂ ಬೇಕಾದಷ್ಟು ಕಂಡಿತ್ತು. ನೆರೆಯವನಿಗೂ ಅಭಿಮಾನವಿದೆ, ಅದನ್ನು ತುಳಿದು ಪಡೆದ ನೆಲ ಬಹುಕಾಲ ನಿಲ್ಲದು ಎಂದು ಕುರ್ಚಿಯ ಮೇಲೆ ಕೂತು ಹೇಳಿದವರು ಕಡಿಮೆ. ಸ್ಫೋರ್ತ್ಸಾನ ಬದುಕನ್ನು ಓದಬೇಕಾದ್ದು ಅದಕ್ಕಾಗಿ.

ರೋಮ್ ಇಟಲಿಯ ರಾಜಧಾನಿಯಾದ ಮರುವರ್ಷ, 1872ರಲ್ಲಿ, ಟಸ್ಕನಿಯಲ್ಲಿ ಹುಟ್ಟಿದವನು ಆತ. ಒಂದು ಕಾಲಕ್ಕೆ ಮಿಲಾನನ್ನು ಆಳಿದ ಸ್ಫೋರ್ತ್ಸಾ ಮನೆತನದ ಕವಲು. ತಂದೆ ಜೊವಾನಿ ಇತಿಹಾಸಕಾರ, ಸರ್ಕಾರಿ ದಫ್ತರಖಾನೆಯ ಅಧಿಕಾರಿ. ಹಳೆಯ ಕಡತಗಳ ನಡುವೆ ಬೆಳೆದ ಹುಡುಗ ಪೀಸಾದಲ್ಲಿ ಕಾನೂನು ಓದಿ 1896ರಲ್ಲಿ ವಿದೇಶಾಂಗ ಸೇವೆಗೆ ಸೇರಿದ. ಅದು ಇಟಲಿಗೆ ಮುಖಭಂಗದ ವರ್ಷ. ಆ ಮಾರ್ಚ್‌ನಲ್ಲಷ್ಟೇ ಅದುವಾದಲ್ಲಿ ಇಥಿಯೋಪಿಯಾದ ಸೇನೆ ಇಟಲಿಯ ದಂಡನ್ನು ನುಚ್ಚುನೂರು ಮಾಡಿತ್ತು. ದೊಡ್ಡ ರಾಷ್ಟ್ರಗಳ ಪಂಕ್ತಿಯಲ್ಲಿ ಜಾಗ ಬೇಕು, ಆದರೆ ಅದಕ್ಕೆ ತಕ್ಕ ಬಲವಿಲ್ಲ ಎಂಬ ಸಂಕಟ ರೋಮಿನ ಕಚೇರಿಗಳನ್ನೆಲ್ಲ ಕಾಡುತ್ತಿತ್ತು. ಮುಂದಿನ ಅರ್ಧ ಶತಮಾನದ ಇಟಲಿಯ ತಪ್ಪುಗಳಿಗೆಲ್ಲ ಈ ಸಂಕಟವೇ ಬೇರು ಎಂದು ನನಗನ್ನಿಸುತ್ತದೆ.

ಕೈರೊ, ಪ್ಯಾರಿಸ್, ಕಾನ್‌ಸ್ಟಾಂಟಿನೋಪಲ್, ಬುಖಾರೆಸ್ಟ್, ಮ್ಯಾಡ್ರಿಡ್ ಎಂದು ಊರೂರು ಸುತ್ತುವ ಕೆಳಹಂತದ ನೌಕರಿಯ ವರ್ಷಗಳಲ್ಲಿ ಒಂದು ಪಾಠ ದೊಡ್ಡದು. 1906ರ ಜನವರಿಯಲ್ಲಿ ಮೊರಾಕ್ಕೊದ ವಿಚಾರವಾಗಿ ಸ್ಪೇನಿನ ಅಲ್ಹೆಸಿರಾಸ್‌ನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಇಟಲಿಯ ಪರವಾಗಿ ಹೋದವನು ಎಪ್ಪತ್ತೇಳರ ಎಮಿಲಿಯೊ ವಿಸ್ಕೊಂತಿ ವೆನೊಸ್ತಾ. ಆತನ ಕಾರ್ಯದರ್ಶಿಯಾಗಿ ಮೂವತ್ತಮೂರು ದಾಟಿದ ಸ್ಫೋರ್ತ್ಸಾ. ಇಟಲಿ ಆಗ ಜರ್ಮನಿಯ ಮಿತ್ರಕೂಟದಲ್ಲಿತ್ತು, ಫ್ರಾನ್ಸಿಗೂ ಮಾತು ಕೊಟ್ಟಿತ್ತು. ಮುದುಕ ಯಾರನ್ನೂ ಕೆಣಕದೆ, ಯಾರಿಗೂ ಜೀ ಹುಜೂರ್ ಅನ್ನದೆ, ಜರ್ಮನಿಯ ಒತ್ತಾಯಕ್ಕೆ ಮಣಿಯದೆ ಸಮ್ಮೇಳನವನ್ನು ದಾಟಿಸಿದ. ದನಿ ಏರಿಸದವನೂ ಬಗ್ಗದೆ ನಿಲ್ಲಬಲ್ಲ ಎಂಬುದನ್ನು ಶಿಷ್ಯ ಪಕ್ಕದಲ್ಲೇ ಕೂತು ನೋಡಿದ.

1908ರಲ್ಲಿ ಮತ್ತೆ ಕಾನ್‌ಸ್ಟಾಂಟಿನೋಪಲ್. ಈ ಸಲ ರಾಯಭಾರ ಕಚೇರಿಯ ಹಂಗಾಮಿ ಹೊಣೆ. ಆ ಜುಲೈನಲ್ಲಿ ಯುವ ತುರ್ಕರು ಸುಲ್ತಾನ ಅಬ್ದುಲ್ ಹಮೀದನಿಂದ ಸಂವಿಧಾನವನ್ನು ಮರಳಿ ಪಡೆದರು; ಮುಂದಿನ ವರ್ಷ ಸುಲ್ತಾನನನ್ನೇ ಇಳಿಸಿದರು. 1911ರಲ್ಲಿ ಬೆಲ್ಜಿಯಂನ ರಾಜತಾಂತ್ರಿಕ ಮನೆತನದ ವ್ಯಾಲೆಂಟೀನ್ ಜೊತೆ ಮದುವೆ; ಅದೇ ವರ್ಷ ಬೀಜಿಂಗಿಗೆ ಇಟಲಿಯ ಪ್ರತಿನಿಧಿಯಾಗಿ ವರ್ಗ. ಬಾಕ್ಸರ್ ದಂಗೆಯ ನಂತರ ಗೋಡೆ ಎಬ್ಬಿಸಿಕೊಂಡಿದ್ದ ವಿದೇಶಿ ಕೇರಿಯೊಳಗೆ ವಾಸ. ಅಕ್ಟೋಬರ್ 10ರಂದು ವೂಚಾಂಗ್‌ನಲ್ಲಿ ದಂಗೆ ಎದ್ದಿತು. 1912ರ ಫೆಬ್ರವರಿ 12ರಂದು ಆರು ವರ್ಷದ ಪೂಯಿಯ ಹೆಸರಿನಲ್ಲಿ ಸಿಂಹಾಸನ ತ್ಯಾಗದ ಆಜ್ಞೆ ಹೊರಟಿತು. ಎರಡು ಸಾವಿರ ವರ್ಷಗಳ ಅರಸೊತ್ತಿಗೆ ನಾಲ್ಕೇ ತಿಂಗಳಲ್ಲಿ ಮುಗಿದುಹೋಯಿತು. ಐದು ವರ್ಷದ ಒಳಗೆ ಎರಡು ಪುರಾತನ ಸಾಮ್ರಾಜ್ಯಗಳು ಒಳಗಿನವರ ಕೈಯಲ್ಲೇ ಅಲುಗಾಡಿದ್ದನ್ನು ಹತ್ತಿರದಿಂದ ಕಂಡ ಯುರೋಪಿನ ಅಧಿಕಾರಿಗಳು ಹೆಚ್ಚಿಲ್ಲ. ಏಷ್ಯದ ಜನರನ್ನು ನಕಾಶೆ ಮೇಲಿನ ಬಣ್ಣಗಳೆಂದು ಎಣಿಸುವ ಚಾಳಿ ಸ್ಫೋರ್ತ್ಸಾನಿಗೆ ಅಂಟಲಿಲ್ಲ.

ಮೊದಲ ಮಹಾಯುದ್ಧಕ್ಕೆ ಇಳಿಯುವ ಮುನ್ನ ಇಟಲಿ 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಒಂದು ಗುಟ್ಟಿನ ಕರಾರು ಬರೆಸಿಕೊಂಡಿತು. ಬ್ರಿಟನ್, ಫ್ರಾನ್ಸ್, ರಷ್ಯಾಗಳ ಪಕ್ಷ ಹಿಡಿದರೆ ಟ್ರಿಯೆಸ್ತೆ, ಇಸ್ತ್ರಿಯಾ, ಮೇಲಾಗಿ ಉತ್ತರ ಡಾಲ್ಮೇಷಿಯಾ ಸಿಗಬೇಕು ಎಂಬುದು ಷರತ್ತು. ಡಾಲ್ಮೇಷಿಯಾದ ಕರಾವಳಿಯ ಪಟ್ಟಣಗಳಲ್ಲಿ ವೆನಿಸ್ ಕಾಲದ ಇಟಾಲಿಯನ್ ಮನೆತನಗಳಿದ್ದವು ನಿಜ. ಆದರೆ ಹಳ್ಳಿಗಳಲ್ಲೆಲ್ಲ ಸ್ಲಾವ್ ಜನ. ಅವರನ್ನು ಯಾರೂ ಕೇಳಿರಲಿಲ್ಲ. ಫ್ಯೂಮೆಯ ಹೆಸರಂತೂ ಆ ಕರಾರಿನ ಇಟಲಿಯ ಪಾಲಿನಲ್ಲಿ ಇರಲೇ ಇಲ್ಲ.

ಈ ಕರಾರಿನ ಇನ್ನೊಂದು ಮಗ್ಗುಲನ್ನು ಸ್ಫೋರ್ತ್ಸಾ ಕೊರ್ಫು ದ್ವೀಪದಲ್ಲಿ ಕಂಡ. 1915ರ ಚಳಿಗಾಲದಲ್ಲಿ ಸೋತ ಸರ್ಬಿಯಾದ ಸೇನೆ, ಮುದಿ ದೊರೆ, ಮಂತ್ರಿಗಳು, ಊರು ಬಿಟ್ಟ ಜನ ಎಲ್ಲರೂ ಅಲ್ಬೇನಿಯಾದ ಹಿಮದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಕಡಲು ಸೇರಿದ್ದರು. ದೇಶವಿಲ್ಲದ ಆ ಸರ್ಕಾರ ಕೊರ್ಫುವಿನಲ್ಲಿ ಬಿಡಾರ ಹೂಡಿತ್ತು. ಅದರ ಬಳಿಗೆ ಇಟಲಿಯ ಪ್ರತಿನಿಧಿಯಾಗಿ ಸ್ಫೋರ್ತ್ಸಾ ಹೋದ. ಪ್ರಧಾನಿ ನಿಕೊಲಾ ಪಾಶಿಚ್, ಉದ್ದ ಬಿಳಿಗಡ್ಡದ, ಮಾತು ಕಡಿಮೆಯ ಮನುಷ್ಯ. ಆತನ ಬಗ್ಗೆ ಸ್ಫೋರ್ತ್ಸಾ ಮುಂದೆ ಒಂದು ಪುಸ್ತಕವನ್ನೇ ಬರೆದ. 1917ರ ಜುಲೈ 20ರಂದು ಅದೇ ದ್ವೀಪದಲ್ಲಿ ಪಾಶಿಚ್ ಮತ್ತು ಕ್ರೊಯೇಷಿಯಾದ ಆಂತೆ ಟ್ರುಂಬಿಚ್ ಸರ್ಬ್, ಕ್ರೊಯೇಟ್, ಸ್ಲೊವೀನರು ಒಂದೇ ರಾಜ್ಯವಾಗುವ ಘೋಷಣೆಗೆ ರುಜು ಹಾಕಿದರು. ಯುಗೊಸ್ಲಾವಿಯ ಕಾಗದದ ಮೇಲೆ ಹುಟ್ಟಿತು. ರೋಮಿನಲ್ಲಿ ವಿದೇಶಾಂಗ ಮಂತ್ರಿ ಸೊನ್ನಿನೊ ಮಾತ್ರ ಲಂಡನ್ ಕರಾರನ್ನು ಎದೆಗೊತ್ತಿಕೊಂಡು ಕೂತಿದ್ದ. ಏಡ್ರಿಯಾಟಿಕ್ಕಿನ ಆಚೆ ದಡದಲ್ಲಿ ಹೊಸದೊಂದು ರಾಷ್ಟ್ರ ಎದ್ದು ನಿಲ್ಲುತ್ತಿದೆ ಎಂಬುದನ್ನು ಒಪ್ಪಿಕೊಳ್ಳಲು ಆತ ತಯಾರಿರಲಿಲ್ಲ. ಸ್ಫೋರ್ತ್ಸಾ ಒಪ್ಪಿಕೊಂಡ. ಮನೆ ಮಠ ಕಳೆದುಕೊಂಡೂ ಬಿಡದೆ ಹೋರಾಡಿದ ಜನರ ಜೊತೆ ವರ್ಷಗಟ್ಟಲೆ ಇದ್ದವನಿಗೆ ಅವರ ಹಟ ಎಂಥದ್ದೆಂದು ಗೊತ್ತಿತ್ತು.

1918ರ ನವೆಂಬರ್ 13ರಂದು ಮಿತ್ರರಾಷ್ಟ್ರಗಳ ಯುದ್ಧನೌಕೆಗಳು ಸೋತ ತುರ್ಕಿಯ ರಾಜಧಾನಿಗೆ ಬಂದು ಲಂಗರು ಹಾಕಿದವು. ಅದೇ ದಿನ ಮುಸ್ತಫಾ ಕೆಮಾಲ್ ಎಂಬ ಸೇನಾನಿ ದಕ್ಷಿಣದ ರಣರಂಗದಿಂದ ಅಲ್ಲಿಗೆ ಬಂದಿಳಿದ. ಇಟಲಿಯ ಹೈಕಮಿಷನರ್ ಆಗಿ ಕಾನ್‌ಸ್ಟಾಂಟಿನೋಪಲ್‌ಗೆ ನೇಮಕವಾದ ಸ್ಫೋರ್ತ್ಸಾನಿಗೆ ಆ ಊರು ಹೊಸದಲ್ಲ. ಬ್ರಿಟಿಷರು ರಾಷ್ಟ್ರವಾದಿ ತುರ್ಕರನ್ನು ಹುಡುಕಿ ಹಿಡಿಯುತ್ತಿದ್ದ ಆ ದಿನಗಳಲ್ಲಿ ಕೆಮಾಲನನ್ನು ತಾನು ಭೇಟಿಯಾದದ್ದನ್ನೂ, ಅಪಾಯ ಬಂದರೆ ಇಟಲಿಯ ರಾಯಭಾರ ಭವನದಲ್ಲಿ ಆಸರೆ ಇದೆಯೆಂದು ತಿಳಿಸಿದ್ದನ್ನೂ ಆತ ಮುಂದೆ ಬರೆದುಕೊಂಡಿದ್ದಾನೆ. ಇದರಲ್ಲಿ ಇಟಲಿಯ ಸ್ವಾರ್ಥ ಇರಲಿಲ್ಲವೆಂದಲ್ಲ. ಇಟಲಿಗೆ ಹಿಂದೆ ಆಸೆ ಹುಟ್ಟಿಸಿದ್ದ ಸ್ಮಿರ್ನಾವನ್ನು ಮಿತ್ರರು ಗ್ರೀಕರಿಗೆ ಒಪ್ಪಿಸುವ ಏರ್ಪಾಡಿನಲ್ಲಿದ್ದರು. ಇಟಲಿಯ ಪಡೆಗಳೂ ಅಂತಾಲ್ಯದಲ್ಲಿ ಇಳಿದಿದ್ದವು. ಗ್ರೀಕ್ ಸೇನೆ ಸ್ಮಿರ್ನಾದಲ್ಲಿ ಇಳಿದದ್ದು 1919ರ ಮೇ 15ರಂದು; ಮರುದಿನವೇ ಕೆಮಾಲ್ ಹಡಗು ಹತ್ತಿ ಸಾಮ್ಸುನ್ ಕಡೆಗೆ ಹೊರಟ. ತುರ್ಕಿಯನ್ನು ಹಂಚಿಕೊಳ್ಳುವ ಯೋಜನೆ ಆನಾಟೋಲಿಯಾದ ರೈತನೆದುರು ನಿಲ್ಲದು ಎಂದು ಬಲವಾಗಿ ನಂಬಿದ್ದ ವಿರಳ ಯುರೋಪಿಯನ್ನರಲ್ಲಿ ಸ್ಫೋರ್ತ್ಸಾ ಒಬ್ಬ.

ಕಾನ್‌ಸ್ಟಾಂಟಿನೋಪಲ್‌ನ ಹಣೆಬರಹಕ್ಕೆ ನಮ್ಮ ನೆಲವೂ ಕಿವಿಗೊಟ್ಟಿತ್ತು. ಖಲೀಫನೂ ಆಗಿದ್ದ ತುರ್ಕಿಯ ಸುಲ್ತಾನನ ಸ್ಥಾನ ಉಳಿಯಬೇಕೆಂದು ಭಾರತದಲ್ಲಿ ಖಿಲಾಫತ್ ಚಳವಳಿ ಎದ್ದಿತ್ತು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೂ ಬೆಂಗಳೂರಿಗೂ ಬಂದು ಭಾಷಣ ಮಾಡಿದರು. ಅದೇ ಆಗಸ್ಟ್ 10ರಂದು ಫ್ರಾನ್ಸಿನ ಸೆವ್ರ್‌ನಲ್ಲಿ ತುರ್ಕಿಯನ್ನು ಹರಿದು ಹಂಚುವ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಇಟಲಿಯೂ ಸಹಿ ಹಾಕಿತ್ತು, ಆದರೆ ಅದನ್ನು ತೋಳ್ಬಲದಿಂದ ಜಾರಿಗೆ ತರಲು ಆಗಿನ ವಿದೇಶಾಂಗ ಮಂತ್ರಿಗೆ ಮನಸ್ಸಿರಲಿಲ್ಲ. ಆ ಮಂತ್ರಿ ಸ್ಫೋರ್ತ್ಸಾನೇ.

ಎರಡು ತಿಂಗಳ ಹಿಂದೆಯಷ್ಟೇ, ಜೂನ್ 15ರಂದು, ಎಪ್ಪತ್ತೇಳರ ಜೊಲಿತ್ತಿ ಐದನೇ ಸಲ ಪ್ರಧಾನಿಯಾಗಿ ಸ್ಫೋರ್ತ್ಸಾನನ್ನು ಸಂಪುಟಕ್ಕೆ ಕರೆದಿದ್ದ. ತತ್ವಜ್ಞಾನಿ ಬೆನೆದೆತ್ತೊ ಕ್ರೋಚೆ ಅದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿ. ಗದ್ದುಗೆ ಏರಿದ ಗಳಿಗೆಯಿಂದಲೇ ಬೆಂಕಿ. ಅಲ್ಬೇನಿಯಾದ ವ್ಲೋರಾದಲ್ಲಿ ಊರ ಜನ ಇಟಲಿಯ ಪಾಳೆಯದ ಮೇಲೆ ಬಿದ್ದಿದ್ದರು, ಪಾಳೆಯದೊಳಗೆ ಮಲೇರಿಯಾ. ಅಲ್ಲಿಗೆ ಹೊರಡಬೇಕಿದ್ದ ಅಂಕೋನಾದ ಸೈನಿಕರು ಜೂನ್ 26ರಂದು ಹೋಗುವುದಿಲ್ಲವೆಂದು ದಂಗೆ ಎದ್ದರು. ಆಗಸ್ಟ್ 2ರ ಟಿರಾನಾ ಕರಾರಿನಲ್ಲಿ ಇಟಲಿ ಸಾಜೆನೊ ಎಂಬ ಪುಟ್ಟ ದ್ವೀಪವೊಂದನ್ನು ಇಟ್ಟುಕೊಂಡು ಅಲ್ಬೇನಿಯಾವನ್ನು ಬಿಟ್ಟು ಬಂತು. ಈ ನಡುವೆ ಜುಲೈ 13ರಂದು ಟ್ರಿಯೆಸ್ತೆಯಲ್ಲಿ ಫ್ಯಾಸಿಸ್ಟರು ಸ್ಲೊವೀನರ ಜನತಾ ಭವನಕ್ಕೆ ಬೆಂಕಿ ಇಟ್ಟರು. ನೆರೆಯವರೊಡನೆ ರಾಜಿಗೆ ಹೊರಟವನಿಗೆ ಮನೆಯೊಳಗಿನಿಂದ ಬಂದ ಉತ್ತರ ಅದು.

ಫ್ಯೂಮೆಗೆ ಬರೋಣ. ಯುಗೊಸ್ಲಾವರಿಗೆ ಬೆನ್ನೆಲುಬಾಗಿದ್ದವನು ಅಮೆರಿಕದ ಅಧ್ಯಕ್ಷ ವಿಲ್ಸನ್. 1920ರ ಅಕ್ಟೋಬರ್ 10ರಂದು ಕರಿಂಥಿಯಾದ ಜನಮತಗಣನೆಯಲ್ಲಿ ಅವರು ಆಸ್ಟ್ರಿಯಾದೆದುರು ಸೋತರು. ನವೆಂಬರ್ 2ರಂದು ಅಮೆರಿಕದ ಚುನಾವಣೆಯಲ್ಲಿ ವಿಲ್ಸನ್ನನ ಪಕ್ಷ ಮಣ್ಣುಮುಕ್ಕಿತು. ಹೊತ್ತು ನೋಡಿಯೇ ಸ್ಫೋರ್ತ್ಸಾ ಯುಗೊಸ್ಲಾವರನ್ನು ಮಾತಿಗೆ ಕರೆದದ್ದು. ಜಿನೋವಾ ಪಕ್ಕದ ಕಡಲ ದಂಡೆಯ ರಪಾಲೊದಲ್ಲಿ, ವಿಲ್ಲಾ ಸ್ಪಿನೋಲಾ ಎಂಬ ಬಂಗಲೆಯಲ್ಲಿ ಸಭೆ. ಇತ್ತ ಜೊಲಿತ್ತಿ, ಸ್ಫೋರ್ತ್ಸಾ, ಯುದ್ಧಮಂತ್ರಿ ಬೊನೋಮಿ. ಅತ್ತ ಪ್ರಧಾನಿ ವೆಸ್ನಿಚ್, ಹಣಕಾಸು ಮಂತ್ರಿ ಸ್ತೊಯಾನೊವಿಚ್, ಮತ್ತು ಕೊರ್ಫುವಿನ ಘೋಷಣೆಗೆ ರುಜು ಹಾಕಿದ್ದ ಅದೇ ಟ್ರುಂಬಿಚ್. ಡಾಲ್ಮೇಷಿಯಾದ ಸ್ಪ್ಲಿಟ್ ಊರಿನವನು ಆತ. ಯಾವ ದ್ವೀಪ ಕೊಟ್ಟರೂ ತನ್ನ ಮನೆಯಂಗಳದಿಂದಲೇ ಕೊಟ್ಟಂತೆ. ಇಟಲಿಯವರ ಪಟ್ಟು ಒಂದೇ: ಇಸ್ತ್ರಿಯಾದ ಹಿಂದಿನ ಮೌಂಟ್ ನೆವೊಸೊ ಶಿಖರದವರೆಗೆ ಗಡಿ ಬೇಕು, ಅದು ಸಿಕ್ಕರೆ ಡಾಲ್ಮೇಷಿಯಾ ಬಿಡುತ್ತೇವೆ.

ನವೆಂಬರ್ 12ರಂದು ಸಹಿಯಾಯಿತು. ಇಸ್ತ್ರಿಯಾ, ಜಾರಾ ಪಟ್ಟಣ, ಕೆರ್ಸೊ, ಲುಸ್ಸಿನೊ, ಲಗೋಸ್ತಾ ದ್ವೀಪಗಳು ಇಟಲಿಗೆ. ಉಳಿದ ಡಾಲ್ಮೇಷಿಯಾ ಯುಗೊಸ್ಲಾವರಿಗೆ. ಫ್ಯೂಮೆ ಯಾರಿಗೂ ಸೇರದ ಸ್ವತಂತ್ರ ರಾಜ್ಯ. ಆಸ್ಟ್ರಿಯಾ-ಹಂಗೇರಿಯನ್ನು ಆಳಿದ್ದ ಹಾಪ್ಸ್‌ಬರ್ಗ್ ಅರಸರು ಮರಳಿ ಬರದಂತೆ ಎರಡೂ ದೇಶಗಳು ಕೂಡಿ ತಡೆಯುವ ಇನ್ನೊಂದು ಕರಾರೂ ಅಂದೇ ಆಯಿತು. ಸ್ಫೋರ್ತ್ಸಾನಿಗೆ ಇದೇ ಮುಖ್ಯ ಎಂದು ನಾನು ತಿಳಿಯುತ್ತೇನೆ. ಗಡಿಯ ಆಚೆಗಿರುವವನು ಶತ್ರುವಲ್ಲ, ಪಾಲುದಾರ ಎಂಬ ಮಾತು ಅಲ್ಲಿತ್ತು. ಒಪ್ಪಂದ ನ್ಯಾಯದ ತಕ್ಕಡಿಯಲ್ಲಿ ತೂಗಿದ್ದೇನಲ್ಲ. ಐದು ಲಕ್ಷದಷ್ಟು ಸ್ಲೊವೀನರು, ಕ್ರೊಯೇಟರು ಇಟಲಿಯ ಆಳ್ವಿಕೆಗೆ ಬಿದ್ದರು. ಅವರ ಶಾಲೆ, ಭಾಷೆಗಳಿಗೆ ರಕ್ಷಣೆ ಬರೆದಿಡಲಿಲ್ಲ. ಮುಂದೆ ಫ್ಯಾಸಿಸ್ಟ್ ಆಡಳಿತ ಅವರ ಶಾಲೆಗಳನ್ನು ಮುಚ್ಚಿತು, ಹೆಸರುಗಳನ್ನೇ ಬದಲಾಯಿಸಿತು. ಆ ಲೋಪದ ಹೊಣೆಯಲ್ಲಿ ಸ್ಫೋರ್ತ್ಸಾನ ಪಾಲೂ ಇದೆ.

ಇನ್ನೊಂದು ಕಲೆ ಒಂದು ಕಾಗದದ್ದು. ಫ್ಯೂಮೆಯ ಅಂಚಿನಲ್ಲಿ, ಸುಶಾಕ್ ಬದಿಗೆ, ಪೋರ್ತೊ ಬರೋಸ್ ಎಂಬ ಸಣ್ಣ ಬಂದರಿತ್ತು. ಅದು ಇಲ್ಲದೆ ಯುಗೊಸ್ಲಾವರ ಮರದ ವ್ಯಾಪಾರಕ್ಕೆ ಕಡಲ ದಾರಿಯಿರಲಿಲ್ಲ. ಅದು ನಿಮಗೇ ಎಂದು ಸ್ಫೋರ್ತ್ಸಾ ಟ್ರುಂಬಿಚ್‌ಗೆ ಒಪ್ಪಂದದ ದಿನವೇ ಗುಟ್ಟಿನ ಪತ್ರ ಬರೆದುಕೊಟ್ಟ. ಸಂಸತ್ತಿನಲ್ಲಿ ಕೇಳಿದಾಗ ನೇರ ಉತ್ತರ ಕೊಡಲಿಲ್ಲ. ಕೊಟ್ಟದ್ದು ಸರಿಯೇ ಇತ್ತು, ಮುಚ್ಚಿಟ್ಟದ್ದು ಸರಿಯಿರಲಿಲ್ಲ. ತೆರೆದ ಮಾತಿನ ರಾಜನೀತಿ ಬೇಕೆನ್ನುವವನು ತನ್ನ ಸಂಸತ್ತಿಗೇ ತೆರೆದು ಹೇಳದಿದ್ದದ್ದು ವಿರೋಧಿಗಳ ಕೈಗೆ ಕತ್ತಿ ಕೊಟ್ಟಂತಾಯಿತು.

ದಾನುಂಜಿಯೊ ರಪಾಲೊವನ್ನು ಒಪ್ಪಲಿಲ್ಲ. ಡಿಸೆಂಬರ್ 24ರಂದು ಸರ್ಕಾರದ ಸೇನೆ ಫ್ಯೂಮೆಗೆ ನುಗ್ಗಿತು. 26ರಂದು 'ಆಂದ್ರೆಯಾ ದೋರಿಯಾ' ಯುದ್ಧನೌಕೆಯ ತೋಪಿನ ಗುಂಡು ಕವಿಯ ಅರಮನೆಗೆ ಬಡಿಯಿತು. ಐವತ್ತರ ಆಸುಪಾಸು ಜನ ಸತ್ತರು. ಜನವರಿಯಲ್ಲಿ ದಾನುಂಜಿಯೊ ಊರು ಬಿಟ್ಟ. ದೊರೆ ವಿತ್ತೋರಿಯೊ ಎಮಾನುಯೆಲೆ ಸ್ಫೋರ್ತ್ಸಾನಿಗೆ ಅನುಂತ್ಸಿಯಾತಾ ಹಾರವನ್ನು ಕೊಟ್ಟ. ಅದನ್ನು ತೊಟ್ಟವರನ್ನು ದೊರೆಯ ದಾಯಾದಿ ಎಂದು ಎಣಿಸುವ ಪದ್ಧತಿ. ರಾಷ್ಟ್ರವಾದಿ ಪತ್ರಿಕೆಗಳು ಮಾತ್ರ ಆತನ ಹೆಸರನ್ನು ಕೆಸರಿನಲ್ಲಿ ಎಳೆದವು.

ಸ್ಫೋರ್ತ್ಸಾ ತನ್ನ ದಾರಿ ಬಿಡಲಿಲ್ಲ. 1921ರ ಮಾರ್ಚ್ 12ರಂದು ಲಂಡನ್ನಿನಲ್ಲಿ ಕೆಮಾಲನ ಅಂಕಾರಾ ಸರ್ಕಾರದ ಪ್ರತಿನಿಧಿ ಬೆಕಿರ್ ಸಾಮಿಯ ಜೊತೆ ಒಪ್ಪಂದ ಮಾಡಿಕೊಂಡ: ಸ್ಮಿರ್ನಾ ಮತ್ತು ಥ್ರೇಸ್ ತುರ್ಕರಿಗೆ ಮರಳಲು ಇಟಲಿ ಬೆಂಬಲಿಸುತ್ತದೆ, ಬದಲಿಗೆ ವ್ಯಾಪಾರದ ಸವಲತ್ತುಗಳು ಬೇಕು. ಅಂಕಾರಾದ ಸಭೆ ಆ ಸವಲತ್ತುಗಳನ್ನೂ ತಳ್ಳಿಹಾಕಿತು. ತುರ್ಕರ ಸ್ವಾಭಿಮಾನವನ್ನು ಉಳಿದವರಿಗಿಂತ ಚೆನ್ನಾಗಿ ಅಳೆದವನ ಅಳತೆಯೂ ಸಾಲದೆ ಹೋಗಿತ್ತು.

ಅಷ್ಟರಲ್ಲಿ ಜೊಲಿತ್ತಿ ದೊಡ್ಡ ತಪ್ಪು ಮಾಡಿದ್ದ. ಮೇ ತಿಂಗಳ ಚುನಾವಣೆಯಲ್ಲಿ ಫ್ಯಾಸಿಸ್ಟರನ್ನು ತನ್ನ ಕೂಟದ ಪಟ್ಟಿಗಳಲ್ಲಿ ಸೇರಿಸಿಕೊಂಡ. ಪಳಗಿಸಬಹುದು ಎಂಬ ಭರವಸೆ. ಮುಸೊಲಿನಿ ಸೇರಿ 35 ಮಂದಿ ಸಂಸತ್ತಿಗೆ ಬಂದರು. ಜೂನ್‌ನಲ್ಲಿ ವಿದೇಶಾಂಗ ನೀತಿಯ ಮೇಲೆ ನಡೆದ ಮತದಾನದಲ್ಲಿ ಪೋರ್ತೊ ಬರೋಸ್ ಗುಟ್ಟು ಸರ್ಕಾರದ ಕಾಲಿಗೆ ತೊಡಕಿತು; ಬಹುಮತ ಎಷ್ಟು ತೆಳುವಾಯಿತೆಂದರೆ ಜೊಲಿತ್ತಿ ರಾಜೀನಾಮೆ ಕೊಟ್ಟ. 1922ರ ಫೆಬ್ರವರಿಯಲ್ಲಿ ಸ್ಫೋರ್ತ್ಸಾ ಪ್ಯಾರಿಸ್ಸಿಗೆ ರಾಯಭಾರಿಯಾಗಿ ಹೋದ. ಇಟಲಿಯ ರಾಯಭಾರಿಗಳ ಪಾಲಿಗೆ ಅದಕ್ಕಿಂತ ಮೇಲಿನ ಹುದ್ದೆ ಬೆರಳೆಣಿಕೆಯಷ್ಟೂ ಇರಲಿಲ್ಲ.

ಎಂಟು ತಿಂಗಳ ನಂತರ, ಅಕ್ಟೋಬರ್ 28ರಂದು, ಕಪ್ಪಂಗಿಯ ಫ್ಯಾಸಿಸ್ಟರು ರೋಮಿನತ್ತ ನಡೆದರು. ದೊರೆ ಮುಸೊಲಿನಿಯನ್ನು ಕರೆದು ಸರ್ಕಾರ ಒಪ್ಪಿಸಿದ. ವಿದೇಶಾಂಗ ಖಾತೆಯನ್ನೂ ಮುಸೊಲಿನಿ ತನ್ನಲ್ಲೇ ಇಟ್ಟುಕೊಂಡ. ಪ್ಯಾರಿಸ್ಸಿನಿಂದ ತಂತಿ ಹೊರಟಿತು. ಭಾವಾವೇಶ ಮತ್ತು ಸಿಟ್ಟುಗಳ ಮೊತ್ತವನ್ನು ವಿದೇಶಾಂಗ ನೀತಿ ಎನ್ನಲಾಗದು, ಅದರ ಪ್ರತಿನಿಧಿಯಾಗಿ ತಾನು ಇರಲಾರೆ ಎಂಬುದು ಅದರ ತಾತ್ಪರ್ಯ. ಜಾಗ ಬಿಟ್ಟು ಕದಲಬೇಡ, ತೊಡಕು ತರಬೇಡ ಎಂದು ಮುಸೊಲಿನಿ ಮರುತಂತಿ ಕೊಟ್ಟ. ಸ್ಫೋರ್ತ್ಸಾ ರೋಮಿಗೇ ಹೋಗಿ ಆತನೆದುರು ಕೂತು ರಾಜೀನಾಮೆಯನ್ನು ಗಟ್ಟಿ ಮಾಡಿ ಬಂದ. ಬರ್ಲಿನ್ನಿನಲ್ಲಿದ್ದ ರಾಯಭಾರಿ ಆಲ್ಫ್ರೆದೊ ಫ್ರಸಾತಿಯೂ ಹುದ್ದೆ ಬಿಟ್ಟ. ಮಿಕ್ಕವರು ಬಹುತೇಕ ಉಳಿದುಕೊಂಡರು. ವಿದೇಶಾಂಗ ಕಚೇರಿಯ ಮಹಾಕಾರ್ಯದರ್ಶಿ ಸಾಲ್ವತೋರೆ ಕಾಂತಾರಿನಿ ಸಮರ್ಥ, ದೇಶಭಕ್ತ. ಒಳಗಿದ್ದೇ ಮುಸೊಲಿನಿಯನ್ನು ಹದಕ್ಕೆ ತರಬಹುದೆಂದು ನಂಬಿದ. 1926ರಲ್ಲಿ ಆತನೂ ಸೋತು ಹೊರಬಿದ್ದ. ಉಳಿದವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ, ಹಿಂಸೆ ಇನ್ನೂ ಸಭ್ಯ ಉಡುಪು ತೊಟ್ಟಿದ್ದ ಮೊದಲ ವಾರದಲ್ಲೇ ಅದನ್ನು ಗುರುತಿಸಿ, ಬದುಕಿಡೀ ದುಡಿದು ಗಳಿಸಿದ ಹುದ್ದೆಯನ್ನು ಒಂದು ತಂತಿಯಲ್ಲಿ ಬಿಟ್ಟವನ ಮುಂದೆ ನನ್ನ ತಲೆ ಬಾಗುತ್ತದೆ.

1924ರ ಜನವರಿ 27ರಂದು ಮುಸೊಲಿನಿ ಯುಗೊಸ್ಲಾವರ ಜೊತೆ ರೋಮಿನಲ್ಲಿ ಒಪ್ಪಂದ ಮಾಡಿಕೊಂಡು ಫ್ಯೂಮೆಯನ್ನು ಇಟಲಿಗೆ ಸೇರಿಸಿದ. ಪೋರ್ತೊ ಬರೋಸ್ ಬಂದರನ್ನು ಯುಗೊಸ್ಲಾವರಿಗೆ ಕೊಟ್ಟ. ಸ್ಫೋರ್ತ್ಸಾನನ್ನು ದ್ರೋಹಿ ಎಂದು ಕರೆಯಲು ಸಾಕಾಗಿದ್ದ ಅದೇ ಬಂದರು. ಈ ಸಲ ಬೀದಿಯಲ್ಲಿ ಯಾರೂ ಕೂಗಲಿಲ್ಲ.

ಆ ಜೂನ್‌ನಲ್ಲಿ ಸಮಾಜವಾದಿ ಸಂಸದ ಮತ್ತೆಯೊತ್ತಿಯ ಕೊಲೆಯಾದಾಗ ಸ್ಫೋರ್ತ್ಸಾ ಸೆನೆಟ್ಟಿನಲ್ಲಿ ಮುಸೊಲಿನಿಯ ವಿರುದ್ಧ ನಿಂತ. ಆಮೇಲೆ ದೇಶ ಬಿಡಬೇಕಾಯಿತು. ಬೆಲ್ಜಿಯಂ, ಫ್ರಾನ್ಸ್, 1940ರಲ್ಲಿ ಹಿಟ್ಲರನ ಸೇನೆ ಬಂದಾಗ ಅಮೆರಿಕ. 1943ರಲ್ಲಿ ಮರಳುವ ದಾರಿಯಲ್ಲಿ ಲಂಡನ್ನಿನಲ್ಲಿ ಚರ್ಚಿಲ್ ಜೊತೆ ಜಟಾಪಟಿ. ಮುಸೊಲಿನಿಯನ್ನು ಕರೆತಂದ ದೊರೆಯನ್ನೇ ಒಪ್ಪಿಕೋ ಎಂಬ ಒತ್ತಾಯಕ್ಕೆ ಆತ ಮಣಿಯಲಿಲ್ಲ, ಹಾರ ಕೊಟ್ಟ ದೊರೆಯೆಂಬ ಮುಲಾಜೂ ಇಟ್ಟುಕೊಳ್ಳಲಿಲ್ಲ. ಮರುವರ್ಷ ವಿದೇಶಾಂಗ ಖಾತೆ ಆತನಿಗೆ ಸಿಗದಂತೆ ಬ್ರಿಟನ್ ಅಡ್ಡಗಾಲು ಹಾಕಿತು.

ಖಾತೆ ಸಿಕ್ಕಿದ್ದು 1947ರ ಫೆಬ್ರವರಿಯಲ್ಲಿ, ಎಪ್ಪತ್ತೈದರ ವಯಸ್ಸಿಗೆ. ಅದೇ ತಿಂಗಳ 10ರಂದು ಪ್ಯಾರಿಸ್ಸಿನಲ್ಲಿ ಸೋತ ಇಟಲಿಯ ಮೇಲೆ ಶಾಂತಿ ಒಪ್ಪಂದ ಹೇರಲಾಗಿತ್ತು. ಫ್ಯೂಮೆ, ಜಾರಾ, ದ್ವೀಪಗಳು, ಇಸ್ತ್ರಿಯಾದ ಬಹುಭಾಗ ಯುಗೊಸ್ಲಾವಿಯಕ್ಕೆ. ರಪಾಲೊದಲ್ಲಿ ಮಾತಾಡಿ ಪಡೆದದ್ದರಲ್ಲಿ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಹೋಯಿತು. ಇಟಾಲಿಯನ್ ಮಾತಾಡುವ ಸಂಸಾರಗಳು ಪೋಲಾ ಬಂದರಿನಿಂದ ಹಡಗು ಹತ್ತುತ್ತಿದ್ದವು. ಒಪ್ಪಂದವನ್ನು ಅಂಗೀಕರಿಸಿ ಎಂದು ಸಂವಿಧಾನ ಸಭೆಯನ್ನು ಕೇಳುವ ಕೆಲಸ ಸ್ಫೋರ್ತ್ಸಾನ ಪಾಲಿಗೆ ಬಂತು. ಅಂಗೀಕರಿಸದಿದ್ದರೆ ಇಟಲಿ ಯುರೋಪಿನ ಹೊರಗೇ ನಿಲ್ಲುತ್ತದೆ ಎಂಬುದು ಆತನ ವಾದ. 1920ರ ಸಂಪುಟದ ಸಂಗಾತಿ ಕ್ರೋಚೆ, ಎಂಬತ್ತೊಂದರ ಮುದುಕ, ಎದ್ದು ವಿರೋಧಿಸಿದ. 1919ರಲ್ಲಿ ಫ್ಯೂಮೆಗಾಗಿ ಪ್ಯಾರಿಸ್ ಸಭೆಯಿಂದ ಎದ್ದುಬಂದಿದ್ದ ಒರ್ಲಾಂಡೊ, ಎಂಬತ್ತೇಳರ ವಯಸ್ಸಿನಲ್ಲಿ, ಸರ್ಕಾರಕ್ಕೆ ಗುಲಾಮಗಿರಿಯ ಹಪಾಹಪಿ ಹತ್ತಿದೆ ಎಂದು ಗುಡುಗಿದ. ಜುಲೈ 31ರಂದು ಸಭೆ ಸ್ಫೋರ್ತ್ಸಾನ ಮಾತನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 15ರಿಂದ ಒಪ್ಪಂದ ಜಾರಿಗೆ ಬಂತು.